ತಮ್ಮ ಬಿಟ್ಟುಹೋದ ನಾಯಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದ ಅವಳನ್ನು ಎಲ್ಲರೂ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ವರ್ಷಕ್ಕೊಮ್ಮೆ ರಜೆ ಹಾಕಿ ದೂರದೂರಿನ ಅಕ್ಕನ ಮನೆಯಲ್ಲಿ ಹದಿನೈದು ದಿನ ಹಾಯಾಗಿ ಇದ್ದು ಬರುತ್ತಿದ್ದಳು.

ಒಂದು ಭಾನುವಾರ ಅವಳ ತಮ್ಮ ಅಂಗಿಯೊಳಗೆ ಬೂದುಬಣ್ಣದ ಹೆಣ್ಣು ನಾಯಿಮರಿಯೊಂದನ್ನು ಅವುಚಿಕೊಂಡು ಬಂದ. "ಎರಡೇ ವಾರ ಚಿಕ್ಕಕ್ಕ. ಹೊಸ ಮನೆ ಸಿಕ್ಕಿದ ತಕ್ಷಣ ಕರ್ಕೊಂಡು ಹೋಗ್ತೀನಿ" ಎಂದ. ಹೊಸ ಮನೆ ಸಿಕ್ಕಿತು. ಅದರ ಹಿಂದೆಯೇ ನಾಯಿಕೂದಲು ಕಂಡರೆ ಸೀನುವ ಹೆಂಡತಿಯೂ ಸಿಕ್ಕಳು. ತಮ್ಮ ಕೈ ತೊಳೆದುಕೊಂಡ. ಬೂದಿ ಎಂದು ಹೆಸರಾದ ಆ ಮರಿ ಗಾಜಿನಕ್ಕನ ಕೊರಳಿಗೆ ಬಿತ್ತು.

"ಮರಿ ಹಾಕೋ ಮೊದಲೇ ಆಪರೇಷನ್ ಮಾಡಿಸಿಬಿಡಿ" ಎಂದು ಪಶುವೈದ್ಯೆ ಮೊದಲ ಚುಚ್ಚುಮದ್ದಿನ ದಿನವೇ ಹೇಳಿದ್ದಳು. ಕೆಳಮನೆಯ ಅಜ್ಜಿ ಒಪ್ಪಲಿಲ್ಲ. "ಪಾಪ, ಹೆಣ್ಣುಜೀವ. ಒಂದ್ಸಲನಾದ್ರೂ ತಾಯಿಯಾಗ್ಲಿ ಬಿಡಮ್ಮ." ಗಾಜಿನಕ್ಕ ಅಜ್ಜಿಯ ಮಾತನ್ನೇ ನೆಪ ಮಾಡಿಕೊಂಡು ದಿನ ತಳ್ಳಿದಳು. ಆಪರೇಷನ್ ಮಾಡಿಸಿದರೆ ನಾಯಿ ತನ್ನದೇ ಎಂದು ಒಪ್ಪಿಕೊಂಡಂತೆ. ಅದಕ್ಕೆ ಅವಳ ಮನಸ್ಸು ಸಿದ್ಧವಿರಲಿಲ್ಲ.

ಒಂದು ಬೆಳಿಗ್ಗೆ ಕಸ ಹಾಕಿ ಬರುವಷ್ಟರಲ್ಲಿ ಬೂದಿ ತೆರೆದ ಬಾಗಿಲಿನಿಂದ ನುಸುಳಿ ಹೋಯಿತು, ಸಂಜೆಗೆ ಮರಳಿತು. ಎರಡು ತಿಂಗಳ ನಂತರ ಬಟ್ಟೆಯ ಬೀರುವಿನ ತಳದಲ್ಲಿ ಐದು ಮರಿಗಳು. ಉಚ್ಚೆಯ ವಾಸನೆ, ಕುಂಯ್‌ಗುಟ್ಟುವಿಕೆ, ನಿದ್ದೆಯಿಲ್ಲ. "ತಿಂಗಳೊಳಗೆ ಇಲ್ಲಿ ಒಂದೇ ನಾಯಿ ಇರ್ಬೇಕು. ಇಲ್ಲಾಂದ್ರೆ ನೀವೂ ಇರ್ಬಾರ್ದು" ಎಂದ ಮನೆಯ ಮಾಲೀಕ. ಎರಡು ಮರಿಗಳು ಸತ್ತವು. ಎರಡನ್ನು ಕನ್ನಡಕಕ್ಕೆ ಬಂದವರ ಕೈಗೆ ದಾಟಿಸಿದಳು. ಕೊನೆಯದನ್ನು ಮರದ ಅಡ್ಡೆಯವನೊಬ್ಬ ಒಯ್ದ.

ವಾರ ಕಳೆದು ಅಡ್ಡೆಯ ಮುಂದೆ ಹಾಯುವಾಗ ನೋಡಿದಳು. ಮೊಳದುದ್ದದ ಹಗ್ಗ, ಬಿಸಿಲಲ್ಲಿ ಬರಿದಾದ ತಟ್ಟೆ. ಮರಿ ಅವಳ ಗುರುತು ಹಿಡಿದು ಬಾಲವಾಡಿಸಿತು.

"ಸ್ವಲ್ಪ ನೀರಾದ್ರೂ ಇಡಿ. ಹಗ್ಗ ಉದ್ದ ಮಾಡಿ."

"ಕೊಟ್ಟಾದ್ಮೇಲೆ ನಿಮಗ್ಯಾಕಮ್ಮ ಆ ಉಸಾಬರಿ?"

ತನ್ನ ಬಾಟಲಿಯ ನೀರನ್ನು ತಟ್ಟೆಗೆ ಸುರಿದು ಹೊರಟಳು. ಆ ಮರಿಯನ್ನು ವಾಪಸ್ಸು ತರಲು ಮನೆಯಲ್ಲಿ ಜಾಗವಿರಲಿಲ್ಲ. ಮಾರನೇ ದಿನವೇ ರಜೆ ಹಾಕಿ ಬೂದಿಗೆ ಆಪರೇಷನ್ ಮಾಡಿಸಿದಳು. ಹೊಲಿಗೆ ನೆಕ್ಕದಂತೆ ಕೊರಳಿಗೆ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿಯನ್ನು ಗೋಡೆಗೆ ಬಡಿಯುತ್ತ ಬೂದಿ ಹತ್ತು ದಿನ ತಿರುಗಾಡಿತು. ಹತ್ತು ದಿನವೂ ಅವಳಿಗೆ ಊಟ ಸೇರಲಿಲ್ಲ.

ಆ ವರ್ಷವೇ ಅಕ್ಕನ ಫೋನು ಬಂತು. "ಮಂಡಿ ಆಪರೇಷನ್ ಕಣೇ. ಹದಿನೈದು ದಿನ ಬಂದಿರು. ನನಗೆ ಇನ್ಯಾರಿದ್ದಾರೆ?"

ನಾಯಿಯನ್ನು ಯಾರ ಹತ್ತಿರ ಬಿಡುವುದು? ಅಜ್ಜಿಗೆ ಕೈಲಾಗದು. ತಮ್ಮನ ಮನೆಯಲ್ಲಿ ಸೀನು. ನಿದ್ದೆಮಾತ್ರೆ ಕೊಟ್ಟು ಕರೆದೊಯ್ಯಿ ಎಂದು ಅಂಗಡಿಯವರು ಹೇಳಿದ್ದಕ್ಕೆ ಪಶುವೈದ್ಯೆ ಸಿಡಿದಳು. "ದಾರೀಲಿ ಉಸಿರು ಕಟ್ಟಿದ್ರೆ ನಿಮಗೆ ಗೊತ್ತೂ ಆಗಲ್ಲ. ಪೆಟ್ಟಿಗೆ ತಗೊಳ್ಳಿ, ನಿಧಾನವಾಗಿ ರೂಢಿ ಮಾಡಿಸಿ." ಮೂರು ವಾರ ಗಾಜಿನಕ್ಕ ಜಾಲರಿ ಪೆಟ್ಟಿಗೆಯೊಳಗೇ ಅನ್ನ ಇಟ್ಟಳು, ಬಾಗಿಲು ಮುಚ್ಚಿ ಪಕ್ಕದಲ್ಲಿ ಕೂತಳು. ಪೆಟ್ಟಿಗೆಯನ್ನು ಸೀಟಿನ ಬಳಿಯೇ ಇಟ್ಟುಕೊಳ್ಳಬಹುದೇ ಎಂದು ಬಸ್ಸಿನವರನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಹೊರಡುವ ದಿನ ಕಂಡಕ್ಟರ್ ಬೇರೆಯವನು. "ನಾಯಿ ಒಳಗಡೆ ಇಲ್ಲ. ಕೆಳಗೆ ಲಗೇಜಿನ ಜೊತೆ ಹಾಕಿ." ಹಿಂದೆ ನಿಂತ ಪ್ರಯಾಣಿಕರು ಗೊಣಗತೊಡಗಿದರು. ಅಕ್ಕನ ಆಪರೇಷನ್ ಮರುದಿನ ಬೆಳಿಗ್ಗೆ. ಅತ್ತ ದರಿ, ಇತ್ತ ಪುಲಿ. ಗಾಜಿನಕ್ಕ ಪೆಟ್ಟಿಗೆಯನ್ನು ಕೆಳಗಿಟ್ಟು ಹತ್ತಿದಳು. ಕಾಲಡಿಯಿಂದ ಬೂದಿಯ ಕೂಗು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನಿಂತಿತು. ನಿಂತದ್ದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮೊದಲ ನಿಲ್ದಾಣದಲ್ಲೇ ಇಳಿದು ಲಗೇಜಿನ ಬಾಗಿಲು ತೆರೆಸಿದಳು. ಒಳಗೆ ಕಾದ ಹಂಚಿನಂಥ ಸೆಕೆ. ಬೂದಿ ಜೊಲ್ಲಿನಲ್ಲಿ ಒದ್ದೆಯಾಗಿ, ನಾಲಗೆ ಚಾಚಿ, ಕಣ್ಣು ಮೇಲೆ ಮಾಡಿ ಬಿದ್ದಿತ್ತು.

"ಹತ್ತಮ್ಮ, ಟೈಮಾಯ್ತು!"

"ನೀವು ಹೋಗಿ" ಎಂದಳು.

ನಲ್ಲಿಯಡಿ ನಾಯಿಯ ಹೊಟ್ಟೆ, ಪಾದ ತೋಯಿಸಿ, ಅದು ನಾಲ್ಕು ಗುಟುಕು ನೀರು ಕುಡಿದ ಮೇಲೆ ಅಕ್ಕನಿಗೆ ಫೋನು ಮಾಡಿ ಬರಲಾಗದೆಂದು ಹೇಳಿದಳು.

"ನಾಯಿಗಿಂತ ಕಡೆಯಾದ್ನಾ ನಾನು?"

"ಹಾಗಲ್ಲ ಅಕ್ಕ..." ಎಂದಳು. ಲೈನು ಕಡಿಯಿತು. ಗಾಜಿನಕ್ಕ ನಾಯಿಯ ಮೇಲೆ ರೇಗಿದಳು. "ನಿನ್ನಿಂದ ನನಗೆ ಒಂದು ಹೆಜ್ಜೆ ಆಚೆ ಇಡೋಕಾಗಲ್ಲ ಕಣೇ, ಹಾಳಾದವಳೇ!" ಎಂದು ಕೂಗಿ, ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಸಂಜೆ ಸರಕಿನ ಗಾಡಿಯವನೊಬ್ಬ ಇಬ್ಬರನ್ನೂ ಮನೆಗೆ ಮುಟ್ಟಿಸಿದ.

ಅಕ್ಕನ ಆಪರೇಷನ್ ನೆಂಟರೊಬ್ಬರ ಆಸರೆಯಲ್ಲಿ ಮುಗಿಯಿತು. ಐದು ತಿಂಗಳು ಅವಳು ಮಾತು ಬಿಟ್ಟಳು. ಆಮೇಲೆ ಒಂದು ದಿನ ಊರುಗೋಲು ಹಿಡಿದು, ಹೇಳದೆ ಕೇಳದೆ, ಮೂರು ಮಹಡಿ ಹತ್ತಿ ಬಂದಳು. ಇದ್ದ ಎಂಟು ದಿನವೂ ನಾಯಿಗೆ ಹೆದರಿ ಕಾಲನ್ನು ಮಂಚದಿಂದ ಕೆಳಗಿಳಿಸಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ. ಬಸ್ಸು ಹತ್ತುವಾಗ ಅಕ್ಕ, "ಇನ್ಮೇಲೆ ನಾನೇ ಬರ್ತೀನಿ ಬಿಡು. ಇದು ಇನ್ನೆಷ್ಟು ವರ್ಷ ಬದುಕುತ್ತೆ?" ಎಂದು ಕೇಳಿದಳು.

"ಹತ್ತು ವರ್ಷ ಅಂತಾರೆ ಡಾಕ್ಟರು" ಎಂದಳು ಗಾಜಿನಕ್ಕ. ಬಸ್ಸು ಹೋದ ಮೇಲೆ ಗಡಿಯಾರ ನೋಡಿದಳು. ಊಟದ ಬಿಡುವಿನಲ್ಲಿ ಇನ್ನು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಮನೆಗೆ ಹೋಗಿ ಬೂದಿಯನ್ನು ಉಚ್ಚೆಗೆ ಕೆಳಗಿಳಿಸಿ, ಹತ್ತಿಸಿ, ಅಂಗಡಿ ಸೇರಬೇಕಿತ್ತು. ಬೇಗ ಬೇಗ ಹೆಜ್ಜೆ ಹಾಕಿದಳು.