ಮೂಗಿನ ತಾತನ ‘ಪಾಸ್’

“ಅಮ್ಮ, ತಮ್ಮ ಕಕ್ಕ ಮಾಡಿದ್ದು ಮೂಗಿನ ತಾತನಿಗೆ ಯಾಕೆ ಗೊತ್ತಾಗಲಿಲ್ಲ?”

ಐದು ವರ್ಷದ ಮಗಳು ಅಡುಗೆಮನೆಗೆ ಬಂದು, ನನ್ನನ್ನು ಬಗ್ಗಿಸಿ ಕಿವಿಯಲ್ಲಿ ಕೇಳಿದಳು. ನಾನು ಹಾಲ್‌ಗೆ ಇಣುಕಿದೆ. ಎಂಟು ತಿಂಗಳ ಮಗ ತಾತನ ತೊಡೆಯ ಮೇಲೆ ಪಟ್ಟಕ್ಕೇರಿದ ರಾಜನ ಹಾಗೆ ಕೂತಿದ್ದ. ಅವನು ಮಾಡಿದ ಘನಕಾರ್ಯದ ಸುದ್ದಿ ಅಡುಗೆಮನೆಯವರೆಗೂ ಮುಟ್ಟಿತ್ತು. ಅತ್ತೆ ಆಗಲೇ ಬಾಯಲ್ಲಿ ಉಸಿರಾಡುತ್ತಿದ್ದರು. ತಾತ ಮಾತ್ರ ಅವನ ನೆತ್ತಿಗೆ ಮೂಗೊತ್ತಿ, “ಆಹಾ, ಎಳೆಮಗುವಿನ ಪರಿಮಳಕ್ಕೆ ಸಾಟಿ ಇಲ್ಲ ಕಣಮ್ಮ” ಅನ್ನುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಪಾಪ, ಸಂಕೋಚದ ಮನುಷ್ಯ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಚಳಿಗೆ ಕೋಣೆ ಬೆಚ್ಚಗಿಡುವ ನಮ್ಮ ಬೀದಿಯ ಅಷ್ಟೂ ಗ್ಯಾಸ್ ಹೀಟರುಗಳು ಉರಿಯುವುದೇ ಈ ಮೂಗಿನ ಅಪ್ಪಣೆಯ ಮೇಲೆ.

ನಮ್ಮ ಬೀದಿಯಲ್ಲೇ ಮನೆಯಿರುವ ಈ ತಾತ ಗ್ಯಾಸ್ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಸಿಲಿಂಡರ್ ಪರೀಕ್ಷೆ ಮಾಡಿ ನಿವೃತ್ತರಾದವರು. ಆ ವರ್ಷವೇ ಒಂದು ಬೆಳಿಗ್ಗೆ ತಮ್ಮ ಪಾಡಿಗೆ ನಡೆದುಹೋಗುತ್ತಿದ್ದವರು ದರ್ಜಿಯ ಮನೆ ಮುಂದೆ ಗಕ್ಕನೆ ನಿಂತರು. “ಯಾರೂ ಸ್ವಿಚ್ ಮುಟ್ಟಬೇಡಿ, ಇದ್ದ ಹಾಗೇ ಹೊರಗೆ ಬನ್ನಿ” ಎಂದು ಕೂಗಿ ಆರು ಜೀವ ಉಳಿಸಿದರು. ಇದು ನಿಜ, ನಾನೇ ನೋಡಿದ್ದೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆಮೇಲೆ ನಮ್ಮ ಬೀದಿ ಮಾಡಿದ್ದರ ಬಗ್ಗೆ. ಅವತ್ತಿನಿಂದ ಒಬ್ಬರೂ ಗ್ಯಾಸ್ ಪೈಪಿನ ಜೋಡಣೆಗೆ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಲಿಲ್ಲ. ಹೀಟರಿನ ಜೊತೆ ಬಂದ ಕೈಪಿಡಿ ನಮ್ಮ ಮನೆಯಲ್ಲಿ ಕುಂಟು ಮೇಜಿನ ಕಾಲಡಿ ಸೇರಿ, ಮೊದಲ ಸಲ ಉಪಯೋಗಕ್ಕೆ ಬಂತು. ವರ್ಷದ ತಪಾಸಣೆಗೆಂದು ಬಂದ ಮೆಕ್ಯಾನಿಕ್ಕನ್ನು ದರ್ಜಿ, “ನಿನ್ನ ಹತ್ತಿರ ಪಾನಾ ಇದೆ, ಸರಿ. ಮೂಗಿದೆಯೇನಪ್ಪ?” ಎಂದು ಬಾಗಿಲಿನಿಂದಲೇ ಸಾಗಹಾಕಿದ.

ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತದೆ. ಹಾಗಾಗಿ ಪ್ರತಿ ಚಳಿಗಾಲದ ಆರಂಭದಲ್ಲಿ ತಾತ ಮನೆಮನೆಗೂ ಬಂದು, ಮಂಡಿಯೂರಿ, ಹೀಟರಿನ ಬುಡದಲ್ಲಿ ನೆಲಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ ಉಸಿರೆಳೆಯುತ್ತಾರೆ. ಆಗ ಯಾರೂ ಕೆಮ್ಮುವ ಹಾಗಿಲ್ಲ. ಫಲಿತಾಂಶ ಕಾಯುವ ಮಕ್ಕಳ ಹಾಗೆ ಮನೆಮಂದಿಯೆಲ್ಲ ಕೈಕಟ್ಟಿ ನಿಲ್ಲಬೇಕು. “ಪಾಸ್” ಅಂದಮೇಲೆ ಚಹಾ.

ನಾನು ಮಗನನ್ನು ಎತ್ತಿಕೊಂಡೆ. “ಅಯ್ಯೋ, ಒಳ್ಳೆ ಆಟ ಆಡ್ತಿದ್ನಲ್ಲ” ಅಂದರು ತಾತ. ಅವನನ್ನು ತೊಳೆದು ತರುವಷ್ಟರಲ್ಲಿ ಹೀಟರಿಗೆ ಹೊಸ ಪೈಪು ಹಾಕಿ, ಸಿಲಿಂಡರಿನ ಕವಾಟ ತೆರೆದು, ನೆಲ ಮೂಸಿ ಮುಗಿಸಿದ್ದರು.

“ಪಾಸ್.”

ಅತ್ತೆ ಚಹಾ ತರಲು ಎದ್ದರು. ತಾತ ಲೈಟರ್ ಕೈಗೆತ್ತಿಕೊಂಡರು. ಮಗಳು ನನ್ನ ಮುಖ ನೋಡಿದಳು.

“ತಾತ, ಒಂದು ನಿಮಿಷ ತಡೀರಿ. ಬೆಂಕಿ ಹಚ್ಚಬೇಡಿ.”

ಪಾತ್ರೆ ತೊಳೆಯುವ ಸೋಪನ್ನು ಬಟ್ಟಲಲ್ಲಿ ಕಲಸಿ, ಮಗಳ ಬಣ್ಣದ ಕುಂಚ ಹಿಡಿದು ತಂದೆ. ಅತ್ತೆಯ ಮುಖ ಕೆಂಪಾಯಿತು. “ಏನೇ ಇದು, ಮೂಗಿಗಿಂತ ಮೂಗುತಿ ಭಾರ. ಅವರು ಪಾಸ್ ಅಂದಮೇಲೆ ನಿನ್ನದೇನು ಪರೀಕ್ಷೆ?”

“ಮಗು ಆಸೆಪಟ್ಟಳು ಅತ್ತೆ, ಗುಳ್ಳೆ ನೋಡ್ಬೇಕಂತೆ.”

ಸುಳ್ಳಿಗೆ ಮಗಳೂ ತಲೆಯಾಡಿಸಿದಳು. ಜೋಡಣೆಯ ಸುತ್ತ ಸೋಪುನೀರು ಸವರಿದೆ. ಮೊದಲು ಏನೂ ಕಾಣಲಿಲ್ಲ. ಅತ್ತೆ “ಆಯ್ತಾ?” ಅಂದರು. ಅಷ್ಟರಲ್ಲಿ ಕಪ್ಪೆಕಣ್ಣಿನಂಥ ಒಂದು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ಆಮೇಲೆ ಸಾಲಾಗಿ.

ಸಿಲಿಂಡರಿನ ಕವಾಟ ತಿರುವಿ ಮುಚ್ಚಿದೆ. ಬಾಗಿಲು, ಕಿಟಕಿ ಎಲ್ಲ ತೆರೆದು ಮಕ್ಕಳನ್ನು ಅತ್ತೆಯ ಜೊತೆ ಅಂಗಳಕ್ಕೆ ಕಳಿಸಿದೆ. ಯಾರೂ ಸ್ವಿಚ್ ಮುಟ್ಟಲಿಲ್ಲ. ತಾತನೇ ಕಲಿಸಿದ ಪಾಠ, ತಾತನ ಕಣ್ಣೆದುರೇ ಒಪ್ಪಿಸಿದ ಹಾಗಾಯಿತು. ನನ್ನ ಮೂಗು ಏನು ಮಾಡುತ್ತಿತ್ತು ಅಂತ ಕೇಳಬೇಡಿ. ಮಗನ ವಾಸನೆಯ ಮುಂದೆ ಬೇರೆ ಯಾವ ವಾಸನೆಗೂ ತಲೆಯೆತ್ತುವ ಧೈರ್ಯ ಇರಲಿಲ್ಲ.

ತಾತ ಹೀಟರನ್ನು ಸಿಲಿಂಡರ್ ಸಮೇತ ಅಂಗಳಕ್ಕೆ ತಂದು ಜೋಡಣೆ ಬಿಚ್ಚಿದರು. ಒಳಗಿನ ರಬ್ಬರ್ ವಾಷರ್ ಒಣಗಿ ಸೀಳಿತ್ತು. ಪೈಪು ಹೊಸದು, ವಾಷರ್ ಹಳೆಯದು. ಹೊಸದು ಅವರ ಜೇಬಿನಲ್ಲೇ ಇತ್ತು. ಸೋರಿದರೆ ಮೂಗು ಹೇಳುತ್ತದಲ್ಲ ಎಂಬ ಹಳೆಯ ಅಭ್ಯಾಸದಲ್ಲಿ ಹಾಗೇ ಬಿಗಿದಿದ್ದರು. ಈಗ ಹೊಸದು ಹಾಕಿ, ಕವಾಟ ತೆರೆದು, ನನ್ನ ಕೈಯಿಂದ ಕುಂಚ, ಬಟ್ಟಲು ತೆಗೆದುಕೊಂಡು ತಾವೇ ಸೋಪುನೀರು ಹಚ್ಚಿದರು. ಗುಳ್ಳೆ ಬರಲಿಲ್ಲ. ಆದರೂ ‘ಪಾಸ್’ ಅನ್ನಲಿಲ್ಲ.

ಅತ್ತೆಗೆ ದೇವರ ಮೂರ್ತಿ ಬಿರುಕುಬಿಟ್ಟಷ್ಟು ಸಂಕಟ. “ಚಳಿಗೆ ಮೂಗು ಕಟ್ಟಿರಬೇಕು ಬಿಡಿ ಅಣ್ಣ. ನಾಳೆ ಬಿಸಿನೀರಿನ ಹಬೆ ತಗೊಳ್ಳಿ.”

“ಹೂಂ, ಕಟ್ಟಿದೆ” ಅಂದರು ತಾತ. ಚಹಾ ಕುಡಿಯದೆ ಎದ್ದರು. ಆದರೆ ಹೊರಡುವಾಗ, “ಹೀಟರ್ ಉರೀವಾಗ ಕಿಟಕಿ ಎರಡು ಬೆರಳು ತೆರೆದೇ ಇರಲಿ. ಮುಂದೆ ಬಟ್ಟೆ ಒಣಹಾಕಬೇಡಿ. ಮಲಗೋ ಮುಂಚೆ ಆರಿಸಿ” ಎಂದು ಹೇಳುವುದನ್ನು ಮರೆಯಲಿಲ್ಲ. ಅಷ್ಟಕ್ಕೆ ಮೂಗು ಬೇಕಿಲ್ಲವಲ್ಲ.

ಗೇಟಿನವರೆಗೆ ಹಿಂದೆಯೇ ಹೋದೆ.

“ತಾತ, ವಾಸನೆ ತಿಳಿಯದೆ ಎಷ್ಟು ದಿನ ಆಯ್ತು?”

ಅವರು ಗೇಟಿನ ಚಿಲಕವನ್ನೇ ನೋಡುತ್ತ ನಿಂತರು. “ಹೋದ ಚಳಿಗಾಲದ ಜ್ವರಕ್ಕೆ ಹೋಯ್ತು ಮಗಳೇ. ತಿರುಗಿ ಬರುತ್ತೆ ಅಂತ ಕಾದೆ. ಬರಲಿಲ್ಲ. ನಾಲ್ಕು ಜನ ಮರ್ಯಾದೆ ಕೊಡೋದು ಇದೊಂದಕ್ಕೇ. ಹೇಗೆ ಹೇಳಲಿ?”

“ಈ ಸಲ ಎಷ್ಟು ಮನೆ ಪಾಸ್ ಮಾಡಿದ್ರಿ?”

“ನಿಮ್ಮದು ಹನ್ನೆರಡನೇದು.”

ಬೈಯಬೇಕು ಅಂತಲೇ ಬಾಯಿ ತೆರೆದೆ. ಅವರ ಕೈಯಲ್ಲಿ ನಮ್ಮ ಸೋಪಿನ ಬಟ್ಟಲು ಇನ್ನೂ ಇತ್ತು. ನೀರು ತುಳುಕಿ ಚಪ್ಪಲಿಯ ಮೇಲೆ ಬೀಳುತ್ತಿದ್ದದ್ದೂ ಅವರಿಗೆ ತಿಳಿದಿರಲಿಲ್ಲ.

“ಮನೇಲಿ ಅಜ್ಜಿಗೆ ಗೊತ್ತಾ?” ಅಂದೆ.

“ಇಬ್ಬರಿಗೂ ಒಂದೇ ಜ್ವರ ಬಂದಿದ್ದು. ಅವಳದೂ ಹೋಗಿದೆ. ನನ್ನದು ಹೋಗಿದ್ದು ಅವಳಿಗೆ ಹೇಳಿಲ್ಲ. ಒಂದು ವರ್ಷದಿಂದ ನಮ್ಮನೇಲಿ ಅಡುಗೆ ವಿಷಯಕ್ಕೆ ಜಗಳವೇ ಇಲ್ಲ” ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಹನ್ನೊಂದು ಮನೆಗೂ ನಾನೇ ಹೋಗಿ, ಇದನ್ನ ಹಚ್ಚಿ, ತಪ್ಪಾಯ್ತು ಅಂತ ಹೇಳಿ ಬರ್ತೀನಿ. ಅದು ನನ್ನ ಪಾಡು. ಆದರೆ ಅದಕ್ಕೆ ಮುಂಚೆ, ತಾಯಿ, ನೀನು ಒಂದ್ಸಲ ನಮ್ಮನೆಗೆ ಬರ್ತೀಯಾ? ಬೆಳಿಗ್ಗೆಯಿಂದ ಹೀಟರ್ ಹಚ್ಚಬೇಕು ಅಂತಿದ್ದಾಳೆ, ನಾನು ಬಂದು ಮೂಸಲಿ ಅಂತ ಕಾಯ್ತಾ ಕೂತಿದ್ದಾಳೆ. ಈಗಾಗಲೇ ಸೋರಿ ಮನೆ ತುಂಬಿದ್ದರೂ ನಮ್ಮಿಬ್ಬರಿಗೂ ತಿಳಿಯಲ್ಲ, ನನ್ನ ಬದಲು ನೀನೊಮ್ಮೆ ಮೂಸಿ ನೋಡಬೇಕು.”