ಕ್ಯಾಪ್ಟನ್ ಬೂಟು ಬಿಚ್ಚಿದ ದಿನ

ಮೊನ್ನೆ ತಿಕೋಟಾದಿಂದ ಬಂದು ಬಾಗಿಲ ಹೊರಗೆ ಕುಳಿತು, ಚಪ್ಪಲಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದೆ. ಹಿಂದಿನ ದಿನ ಮಳೆಯಾಗಿ ಕಬರಸ್ತಾನದ ದಾರಿಯೆಲ್ಲ ರಾಡಿಯಾಗಿತ್ತು. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಹಿಡಿದರೆ ಬಿಡುವ ಜಾತಿಯದಲ್ಲ. ಎಷ್ಟು ಕೆರೆದರೂ ಹೋಗದ ಆ ಕಪ್ಪು ಮಣ್ಣು, ಅದರ ಹಸಿ ವಾಸನೆ... ಕಡ್ಡಿ ಕೈಯಲ್ಲೇ ಉಳಿಯಿತು. ಈ ವಯಸ್ಸಿನಲ್ಲಿ ಮಂದಿಯ ಮಣ್ಣಿಗೆ ಹೋಗಿಬರುವುದೇ ನನಗೊಂದು ನೌಕರಿಯಾಗಿದೆ. ಆದರೆ ಮೊನ್ನೆ ನಾನು ಮಣ್ಣು ಕೊಟ್ಟು ಬಂದದ್ದು ನಮ್ಮ ಕಾಲೇಜಿನ ಫುಟ್‌ಬಾಲ್ ಕ್ಯಾಪ್ಟನ್ನನಿಗೆ.

ಬಾಂಗ್ಲಾ ಯುದ್ಧ ಮುಗಿದ ಹೊಸತು. ವಿಜಯಪುರ ಆಗಿನ್ನೂ ಬಿಜಾಪುರ. ನಾನು ಬಬಲೇಶ್ವರದವನು, ಅವನು ತಿಕೋಟಾದವನು, ಇಬ್ಬರಿಗೂ ಒಂದೇ ಖೋಲಿ. ನಮ್ಮ ತಂಡದವರೆಲ್ಲ ಬರಿಗಾಲಿನಲ್ಲೇ ಆಡುತ್ತಿದ್ದೆವು. ಬೂಟು ಎಂಬುದನ್ನು ಪೊಲೀಸರ ಕಾಲಲ್ಲಿ ನೋಡಿದ್ದೆವು, ಅಷ್ಟೇ. ನಾನು ಗೋಲು ಕಾಯುತ್ತಿದ್ದೆ, ಅಂದರೆ ಹೆಚ್ಚಾಗಿ ಕೈಕಟ್ಟಿ ನಿಂತಿರುತ್ತಿದ್ದೆ. ಚೆಂಡು ಕ್ಯಾಪ್ಟನ್ನನ ಕಾಲಿಗೆ ಸಿಕ್ಕಿತೆಂದರೆ ನನ್ನ ಕಡೆ ಬರುವ ಮಾತೇ ಇರಲಿಲ್ಲ. ಆ ವರ್ಷ ನಾವು ಒಂದರ ಮೇಲೊಂದು ಪಂದ್ಯ ಗೆದ್ದದ್ದು ಅವನೊಬ್ಬನಿಂದ.

ನಮಗೆ ಆಟ ಕಲಿಸಲು ಬಂದ ಮಾಸ್ತರರು ಯುದ್ಧದಲ್ಲಿ ಗುಂಡು ತಿಂದು ಫೌಜಿನಿಂದ ಮರಳಿದವರು. ಎಡಗಾಲನ್ನು ಎಳೆದು ನಡೆಯುತ್ತಿದ್ದರು. ಬೈಗುಳಕ್ಕೆ ಬರವಿರಲಿಲ್ಲ, ಕ್ಯಾಪ್ಟನ್ನನಿಗೆ ಮಾತ್ರ ಬೈಯುತ್ತಿರಲಿಲ್ಲ. ಅವನ ಆಟ ಬಂದು ನೋಡಬೇಕೆಂದು ತಮ್ಮ ಹಳೆಯ ರೆಜಿಮೆಂಟಿನ ಸುಬೇದಾರರನ್ನು ಒಪ್ಪಿಸಿದ್ದರು. ಯುದ್ಧ ಮುಗಿದ ಮೇಲೆ ರೆಜಿಮೆಂಟಿನ ತಂಡಕ್ಕೆ ಹೊಸ ಹುಡುಗರು ಬೇಕಾಗಿದ್ದರಂತೆ. ಆಯ್ಕೆಯಾದರೆ ಆಟವೇ ನೌಕರಿ, ಆದರೆ ಬೂಟು ಹಾಕಿ ಆಡಿ ತೋರಿಸಬೇಕು. ಕ್ಯಾಪ್ಟನ್ನನಿಗೆ ಅಪ್ಪ ಇರಲಿಲ್ಲ. ತಾಯಿ ಮಂದಿಯ ಹೊಲದಲ್ಲಿ ಕಸ ತೆಗೆದು ಅವನನ್ನು ಓದಿಸುತ್ತಿದ್ದಳು. "ಅಮ್ಮಾ, ಇದೊಂದ ವರ್ಷ ತಡಿ. ಫೌಜಿಗೆ ಸೇರಿದ್ನೆಂದ್ರ ನೀ ಹೊಲಕ್ಕ ಹೋಗೂದು ಬಂದ್" ಎಂದು ಅವನು ಹೇಳಿದಾಗ ನಾನು ಅಲ್ಲೇ ರೊಟ್ಟಿ ತಿನ್ನುತ್ತ ಕೂತಿದ್ದೆ.

ಮಾಸ್ತರರು ಬೆಳಗಾವಿಗೆ ಹೋಗಿ ಕಣ್ಣಳತೆಯಲ್ಲೇ ಒಂದು ಜೊತೆ ಬೂಟು ತಂದರು. ಕಾಲು ಮಡಚಲಾಗದೆ ನೆಲಕ್ಕೇ ಕುಳಿತು, ಅವನು ಬೇಡ ಬೇಡವೆಂದರೂ ಕೇಳದೆ, ತಮ್ಮ ಕೈಯಾರೆ ಲೇಸು ಕಟ್ಟಿದರು. ಮೊದಲ ದಿನವೇ ಅವನ ಬೆರಳು ಹರಿದವು. "ಹೊಸಾ ಜೋಡು ಕಚ್ಚೂದ ಹಂಗ. ಫೌಜಿನ್ಯಾಗ ಎಲ್ಲಾರ್ದೂ ಮೊದಲ ಕಾಲ ಹರೀತಾವ. ಆಮ್ಯಾಲ ಬೂಟ ನಾವು ಹೇಳಿದಂಗ ಕೇಳ್ತೈತಿ" ಎಂದರು ಮಾಸ್ತರರು. ನಾವೂ ಅದನ್ನೇ ಅಂದೆವು. ಚಪ್ಪಲಿ ಕಚ್ಚಿಸಿಕೊಂಡು ಬೆಳೆದವರಿಗೆ ಬೂಟು ಕಚ್ಚಿದ್ದು ವಿಶೇಷವೆನಿಸಲಿಲ್ಲ. ದಿನಾ ರಾತ್ರಿ ಅವನು ಬೂಟಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದ, ಬೆಳಿಗ್ಗೆ ಗಾಯಕ್ಕೆ ಬಟ್ಟೆ ಸುತ್ತಿ ಮತ್ತೆ ತೊಡುತ್ತಿದ್ದ. ಬಟ್ಟೆ ಸುತ್ತಿದ ಕಾಲಿಗೆ ಅದು ಇನ್ನಷ್ಟು ಬಿಗಿ... ಆದರೂ ಒಂದು ದಿನವೂ ನೋವೆಂದು ಬಾಯಿಬಿಡಲಿಲ್ಲ.

ಸುಬೇದಾರರು ಬಂದ ದಿನ ಅಕಾಲದ ಮಳೆ. ಕೋಟೆಗೋಡೆಯ ಪಕ್ಕದ ಬಯಲಿನಲ್ಲಿ ಧಾರವಾಡದ ತಂಡದ ಎದುರು ಪಂದ್ಯವಿತ್ತು. ಬೂಟಿಗೆ ರಾಡಿ ಹತ್ತಿ, ನಮ್ಮ ಕ್ಯಾಪ್ಟನ್ ಮುದುಕನ ಹಾಗೆ ಹೆಜ್ಜೆ ಎತ್ತಿಡುತ್ತಿದ್ದ. ಎರಡು ಸಲ ಬಿದ್ದ. ನನ್ನ ಕೈತಪ್ಪಿ ನಮ್ಮ ಮೇಲೆ ಒಂದು ಗೋಲೂ ಆಯಿತು. ಅರ್ಧ ಆಟ ಮುಗಿದಾಗ ಅವನು ಮೂಲೆಯಲ್ಲಿ ಕುಳಿತು ಲೇಸು ಬಿಚ್ಚತೊಡಗಿದ. ಮಾಸ್ತರರು ಕಾಲೆಳೆಯುತ್ತ ಓಡಿಬಂದರು.

"ಬಿಚ್ಚಬ್ಯಾಡ ಲೇ! ಮ್ಯಾಚ್ ಹೋದ್ರ ಹೋಗವಲ್ತ್ಯಾಕ. ಬೂಟ ಹಾಕ್ಕೊಂಡು ಸುಮ್ನ ಓಡಾಡು, ಮುಂದಿಂದು ನಾ ಅವರಿಗೆ ಹೇಳ್ತೇನಿ!"

"ಆಗವಲ್ತ್ರಿ ಸರ್" ಎಂದ ಅವನು, ತಲೆಯೆತ್ತದೆ. ಬೂಟುಗಳನ್ನು ಮಾಸ್ತರರ ಮುಂದೆ ಜೋಡಿಸಿಟ್ಟು ಬರಿಗಾಲಲ್ಲಿ ಎದ್ದುಹೋದ.

ಆಮೇಲಿನದು ನಮಗೆ ಹಬ್ಬ. ಎರಡೂ ಗೋಲು ಅವನದೇ. ಎರಡನೆಯದು ಬೀಳುವ ಹೊತ್ತಿಗೆ ಸುಬೇದಾರರು ಟೋಪಿ ಹಾಕಿಕೊಂಡು ಹೊರಟುಹೋಗಿದ್ದರು. ನಾವು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದೆವು. ಮಾಸ್ತರರು ಆ ಬೂಟು ಹಿಡಿದು ಮಳೆಯಲ್ಲೇ ನಿಂತಿದ್ದರು. ತಮ್ಮ ಮಾತಿಗೆ ಕಿಮ್ಮತ್ತು ಕೊಡಲಿಲ್ಲವೆಂದು ಅವರು ಮತ್ತೆ ಅವನ ಜೊತೆ ಮಾತಾಡಲಿಲ್ಲ. ಮುಂದಿನ ಸುತ್ತಿನಲ್ಲಿ ನಾವು ಹೀನಾಯವಾಗಿ ಸೋತೆವು. ಹೆಸರು ಹೇಳಲು ಒಂದು ಕಪ್ಪೂ ಬರಲಿಲ್ಲ.

ಅವನು ಓದು ಬಿಟ್ಟು ಊರಿಗೆ ಹೋದ. ಮುಂದೆ ತಿಕೋಟಾದಲ್ಲಿ ದ್ರಾಕ್ಷಿ ಶೆಡ್ಡುಗಳಾದಾಗ ಒಣದ್ರಾಕ್ಷಿಯ ಡಬ್ಬಿ ಲಾರಿಗೆ ಏರಿಸುತ್ತ ಬೆನ್ನು ಬಗ್ಗಿಸಿಕೊಂಡ. ತಾಯಿ ಕೈಲಾಗುವವರೆಗೂ ಹೊಲಕ್ಕೆ ಹೋದಳು. ಹಳೆಯ ಗೆಳೆಯರು ಕೂಡಿದಾಗಲೆಲ್ಲ, ಕಾಲೇಜಿನ ಸಲುವಾಗಿ ಫೌಜಿನ ನೌಕರಿ ಒದ್ದವನು ಎಂದು ಅವನನ್ನು ಹೊಗಳುತ್ತಿದ್ದರು. ಅವನು ಚಹಾ ಕುಡಿಯುತ್ತ ನಗುತ್ತಿದ್ದ. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಯಾರೂ ನೆನಪಿಡದ ಒಂದು ಪಂದ್ಯಕ್ಕೆ ಇಡೀ ಬಾಳು ಕೊಡುವವನು ಹುಚ್ಚನಲ್ಲದೆ ಮತ್ತೇನು?

ಕೆಲವು ವರ್ಷಗಳ ಹಿಂದೆ ಮಗನ ಮದುವೆಗೆಂದು ಬೂಟು ಕೊಳ್ಳಲು ವಿಜಯಪುರಕ್ಕೆ ಬಂದ. ನಾನೂ ಜೊತೆಗಿದ್ದೆ. ಅಂಗಡಿಯವನು ಅವನ ಪಾದವನ್ನು ಅಳತೆಪಟ್ಟಿಯ ಮೇಲೆ ಇಡಿಸಿ, ಒಂಬತ್ತು ನಂಬರು ಎಂದು ಬೂಟು ತಂದು ತೊಡಿಸಿದ. ಇವನು ಎದ್ದು ನಿಂತ. ಆ ತುದಿಯಿಂದ ಈ ತುದಿಗೆ ನಡೆದ. ಮತ್ತೆ ನಡೆದ.

"ಲೇ, ಇವು ಕಚ್ಚಾಕತ್ತಿಲ್ಲ" ಎಂದ.

ನನಗೆ ಅರ್ಥವಾಗಲಿಲ್ಲ. ಅವನು ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದ. "ಸರ್ ತಂದಿದ್ರಲಾ, ಅದರಾಗ ಏಳು ಅಂತ ಬರದಿತ್ತೋ. ಅದು ಕಾಲಿನ ಅಳತಿ ಅಂತ ನನಗೇನ ಗೊತ್ತು? ಎಲ್ಲಾರಿಗೂ ಹಿಂಗ ಕಡಿತೈತಿ, ನನಗಷ್ಟ ತಾಳಾಕ ಆಗವಲ್ತು ಅನ್ಕೊಂಡಿದ್ನಿ. ಅವತ್ತ ಹೆಬ್ಬೆರಳಿನ ಉಗುರ ಕಿತ್ತ ಬಂದಿತ್ತು. ನಿಮ್ಮ ಕಾಲೇಜಿನ ಸಲುವಾಗಿ ಯಾರ ಬಿಚ್ಚಿದ್ರಲೇ?" ಹೇಳಿ ನಗತೊಡಗಿದ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ನನಗೆ ನಗು ಬರಲಿಲ್ಲ. ಎರಡು ನಂಬರಿನ ಫರಕು... ಅದರಲ್ಲಿ ಒಬ್ಬ ಮನುಷ್ಯನ ಬಾಳೇ ಹೋಗಿತ್ತು. ಬೂಟು ಕಾಲಿಗೆ ಸರಿಹೊಂದಬೇಕು ಎಂಬಷ್ಟು ಕೂಡ ನಮ್ಮ ಹುಡುಗರೊಳಗೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದ ಮಾಸ್ತರರು ಕಣ್ಣಳತೆಯನ್ನೇ ನಂಬಿದ್ದರು.

"ನಡಿ, ಸರ್‌ಗೆ ಹೇಳೂಣು. ನಿನ್ನ ಮ್ಯಾಲಿನ ಸಿಟ್ಟರೆ ಇಳೀಲಿ" ಎಂದೆ.

"ಬ್ಯಾಡೋ. ನೆಲಕ್ಕ ಕುಂತು ತಮ್ಮ ಕೈಲೆ ಕಟ್ಟ್ಯಾರ. ಈ ವಯಸ್ಸಿನ್ಯಾಗ ಅವರಿಗೆ ಇದು ಗೊತ್ತಾಗಬಾರದು. ನಾ ಮೊಂಡ ಅಂತನ ತಿಳ್ಕೊಂಡಿರ್ಲಿ." ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡೇ ಮೇಲೆದ್ದ.

ಮೊನ್ನೆ ಸಂಜೆ ಸುದ್ದಿ ಮುಟ್ಟಿಸಲು ಮಾಸ್ತರರ ಮನೆಗೆ ಹೋದೆ. ಅವರಿಗೀಗ ಕಣ್ಣು ಕಾಣುವುದಿಲ್ಲ. ದನಿಯಿಂದ ನನ್ನನ್ನು ಗುರುತಿಸಿದರು. ಸುದ್ದಿ ಕೇಳಿ ತಮ್ಮ ಎಡಗಾಲನ್ನು ಸವರಿಕೊಂಡರು.

"ಇನ್ನರ್ಧಾ ಆಟ ತಡಕೊಂಡಿದ್ರ..." ಎಂದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದು ಕೇಳಿದರು. "ಯಾಕ ಬಿಚ್ಚಿದಾ ಅಂವ? ನಿನಗರೆ ಏನಾರ ಹೇಳಿದ್ನೇನು?"

"ಇಲ್ರಿ ಸರ್. ಮೊಂಡ ಇದ್ದಾ."

"ಹೌದು, ಮೊಂಡ" ಎಂದು ಅವರು ನನ್ನ ಕೈ ಬಿಟ್ಟರು.

ಈ ಮಾತನ್ನು ಹಂಚಿಕೊಂಡು ಹೊರಲು ಈಗ ಅವನೂ ಇಲ್ಲ, ನನ್ನೊಬ್ಬನ ಕೈಯಲ್ಲಿ ಆಗುವುದೂ ಇಲ್ಲ. ಅದಕ್ಕೇ ಬರೆದೆ. ಮಾಸ್ತರರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ದಯಮಾಡಿ ಅವರಿಗೆ ಓದಿ ಹೇಳಬೇಡಿ.