ಅತ್ತಿಗೆ ಜೇನು

ಪೆಟ್ಟಿಗೆಗಳು ನನ್ನವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತವರೂರು ಕಡಬದಲ್ಲಿ ಯಾರನ್ನು ಕೇಳಿದರೂ ಬೇರೆ ಥರ ಹೇಳುತ್ತಾರೆ. ಜೇನು ಸಾಕುವ ತರಬೇತಿಗೆ ಹೋದವಳು ನಾನು. ಸಂಬಳದಲ್ಲಿ ಉಳಿಸಿ ಪೆಟ್ಟಿಗೆ ಕೊಂಡವಳು ನಾನು. ಹುಳದ ಕೈಲಿ ಕಚ್ಚಿಸಿಕೊಂಡು, ಮುಖ ಬೋಂಡದ ಹಾಗೆ ಊದಿಸಿಕೊಂಡು ಡ್ಯೂಟಿಗೆ ಹೋದವಳೂ ನಾನೇ. ಹೆಸರು ಬಂದದ್ದು ಮಾತ್ರ ನಮ್ಮ ಅಣ್ಣನ ಹೆಂಡತಿಗೆ.

ಆಗ ನಾನು ಕುಣಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆ ತುಮಕೂರಿನ ಮರಳೂರಿನಲ್ಲಿ. ಬೆಳಿಗ್ಗೆ ಎದ್ದು ನಮ್ಮನೆಯವರಿಗೂ ಮಗಳಿಗೂ ಡಬ್ಬಿ ಕಟ್ಟಿಟ್ಟು, ಕುಣಿಗಲ್ ಬಸ್ಸಿನಲ್ಲಿ ಒಂದು ಕಾಲೂರಲು ಜಾಗ ಸಿಕ್ಕಿದರೆ ಸಾಕು ಎಂದು ಓಡುತ್ತಿದ್ದೆ. ವಾರ್ಡಿನಲ್ಲಿ ಮೂವರ ಕೆಲಸ ಒಬ್ಬಳಿಗೆ. ಒಂದು ಕಡೆ ಡ್ರಿಪ್ ಮುಗಿಯುತ್ತಿರುತ್ತಿತ್ತು, ಇನ್ನೊಂದು ಕಡೆ ಹೆರಿಗೆ ನೋವು ಶುರುವಾಗಿರುತ್ತಿತ್ತು, ಬಾಗಿಲಲ್ಲಿ ನಾಯಿ ಕಚ್ಚಿದವನು ಪಂಚೆ ಎತ್ತಿ ಹಿಡಿದು ನಿಂತಿರುತ್ತಿದ್ದ. ಜೊತೆಯವಳು ರಜೆ ಹಾಕಿದರೆ ಅವಳ ಡ್ಯೂಟಿಯೂ ನನ್ನ ತಲೆಗೇ. "ಇಷ್ಟು ಸಾಲ್ದು ಅಂತ ಜೇನು ಬೇರೆ ಬೇಕಿತ್ತಾ ನಿಂಗೆ?" ಎಂದು ನಮ್ಮನೆಯವರು ಕೇಳುತ್ತಿದ್ದರು. ಬೇಕಿತ್ತು. ಯಾಕೆ ಅಂತ ಅವರಿಗೆ ಹೇಳಿರಲಿಲ್ಲ.

ಮೊದಲ ಪೆಟ್ಟಿಗೆಯನ್ನು ಮರಳೂರಿನ ಮನೆಯ ತಾರಸಿ ಮೇಲೆ ಇಟ್ಟಿದ್ದೆ. ಹದಿನೈದು ದಿನವಾಗಿರಲಿಲ್ಲ, ಪಕ್ಕದ ಮನೆಯ ಯಜಮಾನರು ಒಗೆದ ಪಂಚೆ ಹಿಡಿದುಕೊಂಡು ಬಂದರು. ಪಂಚೆ ತುಂಬ ಹಳದಿ ಚುಕ್ಕಿ. "ನೋಡಮ್ಮ, ನಿಮ್ಮ ಹುಳ ಕಕ್ಕಸ್ಸಿಗೆ ಹೋಗೋಕೆ ನನ್ನ ಪಂಚೆನೇ ಆಗ್ಬೇಕಾ?" ಎಂದರು. ಅವರ ತಪ್ಪೇನಿರಲಿಲ್ಲ, ಜೇನುಹುಳಗಳು ಆ ಕೆಲಸವನ್ನು ಹಾರುತ್ತಲೇ ಮಾಡುತ್ತವೆ. ಸರಿ, ಪೆಟ್ಟಿಗೆಯನ್ನು ತವರಿಗೆ, ಗುಬ್ಬಿ ತಾಲ್ಲೂಕಿನ ಕಡಬಕ್ಕೆ ಸಾಗಿಸಿದೆ. ಅಲ್ಲಿ ನಮ್ಮ ತೆಂಗಿನ ತೋಟ, ಬದುವಿನ ಮೇಲೆ ಹೊಂಗೆ, ಹುಣಸೆ. ಹುಳಕ್ಕೆ ಇನ್ನೇನು ಬೇಕು. ಒಂದು ಪೆಟ್ಟಿಗೆ ಆರಾಯಿತು. ಟಾನಿಕ್ಕಿನ ಹಳೇ ಗಾಜಿನ ಬಾಟಲಿ ಕುದಿಸಿ, ತುಂಬಿ, ಆಸ್ಪತ್ರೆಯಲ್ಲಿ ಡಾಕ್ಟರಿಂದ ಆಯಾವರೆಗೆ ಎಲ್ಲರಿಗೂ ಮಾರಿದೆ. ಗುಬ್ಬಿ ಪೇಟೆಯಲ್ಲಿ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯವನೂ ಬಾಟಲಿ ಇಟ್ಟುಕೊಳ್ಳತೊಡಗಿದ. ಪುಟ್ಟದಾಗಿ ಒಂದು ವ್ಯಾಪಾರ ಎದ್ದು ನಿಂತಿತು.

ಈಗ, ನನಗೆ ಜೇನು ಯಾಕೆ ಬೇಕಿತ್ತು ಎಂಬುದು. ಮದುವೆಯಾದ ಮಗಳು ಪ್ರತಿ ಭಾನುವಾರ ತವರಿಗೆ ಹೋದರೆ ಊರಿನವರು ಸುಮ್ಮನಿರುತ್ತಾರಾ? "ಯಾಕವ್ವ, ಹೋದ ವಾರ ಬಂದಿದ್ಯಲ್ಲ, ಮನೇಲೆಲ್ಲ ಸರಿಯಾಗೈತಾ?" ಎಂದು ಬಸ್ ಸ್ಟ್ಯಾಂಡಿನಲ್ಲೇ ಶುರು ಮಾಡುತ್ತಾರೆ. ನನಗೆ ಅವ್ವನನ್ನು ನೋಡಬೇಕಿತ್ತು. ವಾರವೆಲ್ಲ ಯಾರ್ಯಾರದೋ ನರಳಾಟ ಕೇಳಿ, ಭಾನುವಾರ ಅವ್ವನ ಕೈಯ ಸೊಪ್ಪಿನ ಸಾರು ಉಂಡು ಜಗಲಿಯಲ್ಲಿ ಕಾಲು ಚಾಚಿ ಮಲಗಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಲಾಗುತ್ತದೆಯೇ? "ಜೇನು ನೋಡೋಕೆ ಬಂದೆ" ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ. ಆ ಆರು ಪೆಟ್ಟಿಗೆ ಇದ್ದದ್ದರಿಂದಲೇ ತವರಿನ ಬಾಗಿಲು ನನಗೆ ವಾರ ವಾರ ತೆರೆದಿತ್ತು.

ಇನ್ನು ಅತ್ತಿಗೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅಣ್ಣನ ಹೆಂಡತಿ ಎಂಬ ಒಂದೇ ಕಾರಣಕ್ಕೆ ನಾನು "ನೀವು, ತಾವು" ಅನ್ನಬೇಕು, ಅವಳು ನನ್ನನ್ನು ಏಕವಚನದಲ್ಲಿ ಕೂಗಬಹುದು. ಇಲ್ಲಿ ಬರೆಯುವಾಗಲಾದರೂ ಅವಳು ಅಂತಲೇ ಬರೆಯುತ್ತೇನೆ. ಮೊದಮೊದಲು ಪೆಟ್ಟಿಗೆ ಹತ್ತಿರ ಬಂದರೆ ತಲೆ ತುಂಬ ಸೆರಗು ಹೊದ್ದು ಓಡುತ್ತಿದ್ದಳು. ನಾನು ನಗುತ್ತಿದ್ದೆ. ಆದರೆ ಇರುವೆಗಳು ಭಾನುವಾರಕ್ಕೆ ಕಾಯುತ್ತವೆಯೇ? ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳ ಕೆಳಗೆ ತೆಂಗಿನ ಚಿಪ್ಪಿಟ್ಟು ನೀರು ತುಂಬಿರಬೇಕು, ಇಲ್ಲದಿದ್ದರೆ ಇರುವೆ ಹತ್ತಿ ಜೇನಿನ ಕತೆ ಮುಗಿಯಿತು. "ಚಿಪ್ಪಿಗೆ ದಿನಾ ನೀರು ಹಾಕ್ತೀರಾ ಅತ್ಗೆ?" ಎಂದು ಕೇಳಿದವಳು ನಾನೇ. ಕೇಳಬಾರದಿತ್ತು ನೋಡಿ.

ದಿನಾ ನೀರು ಹಾಕುತ್ತಾ ಹಾಕುತ್ತಾ ಅವಳಿಗೆ ಹೆದರಿಕೆ ಬಿಟ್ಟುಹೋಯಿತು. ಒಂದು ಭಾನುವಾರ ಹೋಗಿ ನೋಡುತ್ತೇನೆ, ಮಹಾರಾಯ್ತಿ ಮುಖಕ್ಕೆ ಜಾಲರಿ ಇಲ್ಲದೆ, ಬರಿಗೈಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದಾಳೆ. ಒಂದು ಹುಳವೂ ಕಚ್ಚಲಿಲ್ಲ. ನಾನು ಹತ್ತಿರ ಹೋದದ್ದೇ ತಡ, ಕಿವಿಯ ಮೇಲೆ ಕುಟುಕಿತು. ವಾರವೆಲ್ಲ ಮೈಗೆ ಅಂಟಿದ ಡೆಟಾಲ್ ವಾಸನೆಗೆ ಕೆರಳುತ್ತವೋ ಏನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವ್ವ ಮಾತ್ರ ಜಗಲಿಯಿಂದಲೇ, "ನಮ್ಮ ಸೊಸೆ ಕೈಗುಣ ಕಣೇ, ಹುಳಕ್ಕೂ ಗೊತ್ತಾಗುತ್ತೆ" ಎಂದಳು. ಮೈ ಉರಿದುಹೋಯಿತು. ನನ್ನ ಕೈಗುಣ ಚೆನ್ನಾಗಿದೆ ಎಂದು ಹೆರಿಗೆ ವಾರ್ಡಿನವರು ಹೇಳುತ್ತಿದ್ದರು, ನಮ್ಮವ್ವ ಒಂದು ದಿನವೂ ಹೇಳಿದವಳಲ್ಲ.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಗುಬ್ಬಿಯಲ್ಲಿ ಬಸ್ ಇಳಿದು ಅಂಗಡಿಗೆ ಹೋದರೆ, "ನಿಮ್ಮ ಅತ್ತಿಗೆಯವ್ರ ಜೇನು ಖಾಲಿ ಆಯ್ತು ಸಿಸ್ಟರ್, ಇನ್ನೊಂದಷ್ಟು ಕಳ್ಸೋಕೆ ಹೇಳಿ" ಎನ್ನುತ್ತಾನೆ. ಹೇಳಿ ಅಂತೆ! ನಾನೇನು ಅವಳ ಏಜೆಂಟಾ? ಅವಳು ನಡುವೆ ಒಮ್ಮೆ ಅಣ್ಣನ ಕೈಲಿ ಬಾಟಲಿ ಕಳಿಸಿದ್ದೇ ತಪ್ಪಾಯಿತು.

ಆ ವರ್ಷ ಒಂದು ಭಾನುವಾರ ಪೋಲಿಯೊ ಹನಿ ಹಾಕುವ ಕೆಲಸಕ್ಕೆ ಹಾಕಿದರು. ಮುಂದಿನ ಭಾನುವಾರ ಜೊತೆಯವಳಿಗೆ ಜ್ವರ, ಡಬಲ್ ಡ್ಯೂಟಿ. ಅದರ ಮುಂದಿನ ವಾರ ಮಗಳಿಗೆ ಸೀತಾಳೆ ಸಿಡುಬು. ಹುಳಗಳು ನನ್ನ ರಜೆ ನೋಡಿಕೊಂಡು ಜೇನು ಮಾಡುವುದಿಲ್ಲವಲ್ಲ. ಕೊನೆಗೆ ಒಂದು ಶನಿವಾರ ಮಧ್ಯಾಹ್ನವೇ ಡ್ಯೂಟಿ ಮುಗಿಸಿ ಓಡಿಹೋದರೆ, ಅತ್ತಿಗೆ ತಾನೇ ಯಂತ್ರ ತಿರುಗಿಸಿ ಜೇನು ತೆಗೆದು, ಸೋಸಿ, ಬಾಟಲಿಗೆ ತುಂಬಿ ಸಾಲಾಗಿ ಇಟ್ಟಿದ್ದಾಳೆ. ಒಂದು ತೊಟ್ಟು ಚೆಲ್ಲಿಲ್ಲ. ಬೈಯಲಿಕ್ಕೂ ಏನಾದರೂ ಬೇಕಲ್ಲ, ಅದೂ ಇಲ್ಲ. ಅವ್ವ ಒಂದು ಬಾಟಲಿ ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟು, "ತಗಾ, ನಿಮ್ಮತ್ಗೆ ಜೇನು. ಮಗೀಗೆ ಕೊಡು" ಎಂದಳು.

ನನ್ನ ಪೆಟ್ಟಿಗೆ, ನನ್ನ ಬಾಟಲಿ, ನನ್ನ ಜೇನು, ನನಗೇ ಉಡುಗೊರೆ! ಆ ಬಾಟಲಿಯನ್ನು ಬ್ಯಾಗಿಗೆ ತುರುಕಿ, "ಪೆಟ್ಟಿಗೆ ಇಲ್ಲಿರೋದು ಬೇಡ, ಚಿಕ್ಕಪ್ಪನ ತೋಟದಲ್ಲಿ ಇಡ್ತೀನಿ" ಎಂದೆ. ಚಿಕ್ಕಪ್ಪನ ತೋಟ ಬೇಲಿಯಾಚೆಗೇ ಇತ್ತು. ಅವ್ವ, "ಅದ್ಯಾಕೆ? ಇಲ್ಲೇನಾಗೈತೆ?" ಎಂದಳು. "ಇಲ್ಲಿ ಹೊಗೆ ಜಾಸ್ತಿ" ಎಂದೆ. ಬಾಯಿಗೆ ಬಂದ ಸುಳ್ಳು. ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಬಟ್ಟೆ ತುರುಕಿ ಒಂದೊಂದೇ ಪೆಟ್ಟಿಗೆ ಎತ್ತಿದೆ. ಒಬ್ಬಳಿಂದ ಆಗುವ ಕೆಲಸವಲ್ಲ. ಅತ್ತಿಗೆ ತಾನಾಗಿಯೇ ಬಂದು ಇನ್ನೊಂದು ತುದಿ ಹಿಡಿದಳು. ಆರನ್ನೂ ಹೊತ್ತು ಬೇಲಿ ದಾಟಿಸಿ, ಗೋಡೆ ಕಟ್ಟಲು ತಂದಿದ್ದ ಸೈಜುಗಲ್ಲುಗಳ ಮೇಲೆ ಇಟ್ಟೆವು. ಸ್ಟ್ಯಾಂಡುಗಳನ್ನು ನಾಳೆ ತಂದರಾಯಿತು ಎಂದು ಹಳೇ ಜಾಗದಲ್ಲೇ ಬಿಟ್ಟೆ. ಆ ರಾತ್ರಿ ಗೆದ್ದವಳ ಹಾಗೆ ನಿದ್ದೆ ಮಾಡಿದೆ.

ಬೆಳಿಗ್ಗೆ ಹೋಗಿ ಬಟ್ಟೆ ತೆಗೆದು ಬಾಗಿಲು ಬಿಟ್ಟೆ. ಹುಳಗಳು ಹಾರಿದವು. ಕಾಫಿ ಕುಡಿದು ಹಿತ್ತಲಿಗೆ ಬಂದರೆ, ನಮ್ಮ ತೋಟದ ಖಾಲಿ ಸ್ಟ್ಯಾಂಡುಗಳ ಸುತ್ತ ಗುಂಯ್ ಗುಂಯ್ ಎಂದು ಸುತ್ತುತ್ತಿವೆ. ಬಿಸಿಲೇರುವ ಹೊತ್ತಿಗೆ ಆರೂ ಸ್ಟ್ಯಾಂಡುಗಳ ಮೇಲೆ ಗೊಂಚಲು ಗೊಂಚಲಾಗಿ ಕೂತಿದ್ದವು. ಹೊಟ್ಟೆ ತುಂಬ ಮಕರಂದ ಹೊತ್ತು ಬಂದಿವೆ, ಇಳಿಸಲು ಮನೆಯಿಲ್ಲ. ತರಬೇತಿಯಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದ ವಿಷಯ ಇದು. ಜೇನುಹುಳ ಪೆಟ್ಟಿಗೆಯನ್ನು ನೆನಪಿಡುವುದಿಲ್ಲ, ಜಾಗವನ್ನು ನೆನಪಿಡುತ್ತದೆ. ಸಾಗಿಸಿದರೆ ಮರಳೂರಿಂದ ಕಡಬಕ್ಕೆ ಸಾಗಿಸಿದ ಹಾಗೆ ದೂರ ಸಾಗಿಸಬೇಕು. ಬೇಲಿಯಾಚೆಗೆ ಇಟ್ಟರೆ ಹಳೇ ಜಾಗಕ್ಕೇ ಬರುತ್ತವೆ. ಹೊಟ್ಟೆಕಿಚ್ಚಿನಲ್ಲಿ ಕಲಿತ ವಿದ್ಯೆ ಎಲ್ಲಿ ತಲೆಗೆ ಬರುತ್ತದೆ.

ಅವ್ವ ಬಂದು ನೋಡಿ, "ಇದೇನೇ ಇದು, ಯಾಕಿಲ್ಲಿಗೆ ಬಂದವೆ?" ಎಂದಳು. ಹೇಳಲೇಬೇಕಾಯಿತು. ಹಿಂದೆಯೇ ನಿಂತಿದ್ದ ಅತ್ತಿಗೆ ಕಿಸಕ್ಕೆಂದು ನಕ್ಕಳು. "ಥೇಟ್ ನಿಮ್ಮ ಮಗಳಂಗೆ ಕಣತ್ತೆ. ಮನೆ ಇರೋದು ಅಲ್ಲಿ, ಬರೋದು ಇಲ್ಲಿಗೆ."

ನಾನು ಕೆಂಡವಾಗಿ ತಿರುಗಿದೆ. "ಏನಂದ್ರಿ?"

ಅವಳ ನಗು ನಿಂತುಹೋಯಿತು. "ಬೇಜಾರು ಮಾಡ್ಕಬೇಡ ಕಣಮ್ಮ. ಬರೋಕಾಗುತ್ತೆ, ಬತ್ತೀಯ. ನಂಗಾಗಲ್ಲ. ಹಸ ಬಿಟ್ಟು ಹೋಗಂಗಿಲ್ಲ, ಅತ್ತೆ ಬಿಟ್ಟು ಹೋಗಂಗಿಲ್ಲ. ಈಗ ನಿನ್ನ ಜೇನು ಬೇರೆ, ಚಿಪ್ಪಿಗೆ ನೀರು ಹಾಕೋರ್ಯಾರು? ಹೋದ ವರ್ಷ ನಮ್ಮೂರಿಗೆ ಹೋಗಿದ್ದೆ, ಎರಡು ದಿನಕ್ಕೆ ಓಡಿಬಂದೆ." ಅವಳ ತವರು ಕುಣಿಗಲ್. ನನಗೆ ಗೊತ್ತಿಲ್ಲದ್ದೇನಲ್ಲ. "ನೀನು ದಿನಾ ನಮ್ಮೂರಿಗೆ ಹೋಗ್ತೀಯ. ನಮ್ಮವ್ವನ ಮನೆ ಮುಂದೇನೇ ಬಸ್ ಹೋಗೋದು. ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ ನಿಂಗೆ?"

ಇಷ್ಟು ದಿನ ಹೊಟ್ಟೆಕಿಚ್ಚು ನನ್ನೊಬ್ಬಳ ಸ್ವತ್ತು ಅಂದುಕೊಂಡಿದ್ದೆ. ಅದರಲ್ಲೂ ಇವಳೇ ಮುಂದೆ! ನಾನಾದರೋ ಮೂಗು ಮುರಿದುಕೊಂಡು ಒಳಗೊಳಗೇ ಬೆಂದೆ, ಇವಳು ನೆಟ್ಟಗೆ ನಿಂತು ಮುಖಕ್ಕೇ ಹೇಳಿಬಿಟ್ಟಳು. ಅವ್ವ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

ಸಂಜೆ ಇಬ್ಬರೂ ಸೇರಿ ಆರು ಪೆಟ್ಟಿಗೆಯನ್ನೂ ವಾಪಸು ಹೊತ್ತು ತಂದೆವು. ಸ್ಟ್ಯಾಂಡಿನ ಮೇಲೆ ಇಟ್ಟಿದ್ದೇ ತಡ, ಹುಳಗಳು ಸರಸರ ಒಳಗೆ ನುಗ್ಗಿದವು. ಅತ್ತಿಗೆ ಚಿಪ್ಪುಗಳಿಗೆ ನೀರು ಹಾಕಿದಳು. ನನಗೆ ಕತ್ತಿನ ಮೇಲೆ ಒಂದು ಕಚ್ಚಿತು, ಅವಳಿಗೆ ಇಲ್ಲ.

ಮಾರನೇ ದಿನ ಡ್ಯೂಟಿ ಮುಗಿಸಿ, ಅವ್ವ ಕೊಟ್ಟಿದ್ದ ಬಾಟಲಿಯೊಂದಿಗೆ ಅತ್ತಿಗೆಯ ತವರಿಗೆ ಹೋದೆ. ದಿನಾ ಬಸ್ಸಿನಿಂದ ನೋಡುತ್ತಿದ್ದ ಮನೆ, ಇಷ್ಟು ವರ್ಷದಲ್ಲಿ ಒಳಗೆ ಕಾಲಿಟ್ಟಿರಲಿಲ್ಲ. ಅವಳ ತಾಯಿ ಅಂಗಳದಲ್ಲಿ ಮೊಮ್ಮಗಳಿಗೆ ತಲೆ ಬಾಚುತ್ತಿದ್ದರು. ನನ್ನ ಬಿಳಿ ಸೀರೆ ನೋಡಿ ಗಾಬರಿಯಾಗಿ, "ಯಾರಿಗೇನಾಯ್ತವ್ವ?" ಎಂದು ಎದ್ದೇಬಿಟ್ಟರು. ಯಾರಿಗೂ ಏನೂ ಆಗಿಲ್ಲ, ಕಡಬದಿಂದ ನಿಮ್ಮ ಮಗಳ ನಾದಿನಿ ಎಂದು ಬಾಟಲಿ ಕೈಗಿಟ್ಟೆ. ಅವರು ಮುಚ್ಚಳ ತೆಗೆದು ಬೆರಳದ್ದಿ ನೆಕ್ಕಿದರು. ಕಣ್ಣು ಮುಚ್ಚಿಕೊಂಡರು.

"ನನ್ನ ಮಗಳು ಸಾಕಿದ ಜೇನಾ ಇದು?"

ಪೆಟ್ಟಿಗೆಗಳು ನನ್ನವು ಎಂದು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಹೂಂ ಕಣಮ್ಮ. ನಿಮ್ಮ ಮಗಳೇ ಸಾಕಿದ್ದು."

ಆಮೇಲೆ ಕೇಳಬೇಕೇ. ಆಚೆ ಮನೆಯವರು, ಈಚೆ ಮನೆಯವರು, ರಸ್ತೆಯಲ್ಲಿ ಹೋಗುತ್ತಿದ್ದವರು, ಎಲ್ಲರನ್ನೂ ಕೂಗಿ ಕರೆದರು. "ಬರ್ರೇ, ನನ್ನ ಮಗಳು ಜೇನು ಕಳ್ಸವ್ಳೆ!" ಎಂದು ಒಬ್ಬೊಬ್ಬರ ಅಂಗೈಗೂ ಒಂದೊಂದು ತೊಟ್ಟು ಬಿಟ್ಟರು. ಎಲ್ಲರೂ ನೆಕ್ಕಿ ಹೊಗಳಿದರು. ಸಾಲಿನ ಕೊನೆಯಲ್ಲಿ ನಾನಿದ್ದೆ. ನಾನೂ ಅಂಗೈ ಒಡ್ಡಿದೆ.